ರಾತ್ರಿಯಿಡೀ ನೆನೆದ ಅಚ್ಚು

ಹಾಲಿನ ಸಂಘದ ಅಧ್ಯಕ್ಷರ ಮೇಲ್ದವಡೆಯ ಕಟ್ಟಿಸಿದ ಹಲ್ಲನ್ನು ಅಧ್ಯಕ್ಷರದೇ ಎಮ್ಮೆ ಅಗಿದು ಪುಡಿ ಮಾಡಿತು. ಇದರಲ್ಲಿ ಎಮ್ಮೆಯ ತಪ್ಪೇನೂ ಇರಲಿಲ್ಲ. ಊರೆಲ್ಲ ಯಜಮಾನರು ಎಂದೇ ಕರೆಯುವ ಈ ಅಧ್ಯಕ್ಷರು ಬೆಳಿಗ್ಗೆ ಮುಖ ತೊಳೆಯುವಾಗ ಹಲ್ಲಿನ ಸೆಟ್ಟನ್ನು ತೆಗೆದು ಕೊಟ್ಟಿಗೆಯ ಬಾನಿಯ ಅಂಚಿನ ಮೇಲೆ ಇಡುವುದು ಎಷ್ಟೋ ವರ್ಷದ ರೂಢಿ. ಅವತ್ತು ಅದು ಜಾರಿ, ಬಾನಿಯಲ್ಲಿ ನೆನೆದಿದ್ದ ಹಿಂಡಿಯೊಳಗೆ ಬಿತ್ತು. ಎಮ್ಮೆ ತನ್ನ ಪಾಲಿನದನ್ನು ತಾನು ತಿಂದಿತು. ಅಗಿಯುವ ಸದ್ದಿನಲ್ಲಿ ಏನೋ ವ್ಯತ್ಯಾಸ ಕೇಳಿ ಯಜಮಾನರು ತಿರುಗಿ ನೋಡುವಷ್ಟರಲ್ಲಿ ಅದು ಚೂರುಗಳನ್ನು ಒಂದೊಂದಾಗಿ ತುಟಿಯಂಚಿಂದ ಹೊರಗೆ ನೂಕುತ್ತಿತ್ತು.

ಸಂಘದ ಚುನಾವಣೆಗೆ ಇನ್ನು ಕೆಲವೇ ವಾರ ಉಳಿದಿತ್ತು. ಎದುರಾಳಿಯಾಗಿ ನಿಂತಿದ್ದವನು ಊರಿನ ಪಂಪು ರಿಪೇರಿಯವನು. ಓಡುವ ಇಂಜಿನ್ನಿನ ಪಕ್ಕದಲ್ಲಿ ನಿಂತು ಮಾತಾಡಿ ಮಾತಾಡಿ ಅವನ ಗಂಟಲು ಎಷ್ಟು ಗಟ್ಟಿಯಾಗಿತ್ತೆಂದರೆ, ಅವನಿಗೆ ಮೈಕು ಕೊಡುವುದೇ ಅನ್ಯಾಯ. ಯಜಮಾನರು ಅಂದು ಕನ್ನಡಿಯ ಮುಂದೆ ನಿಂತು "ಸದಸ್ಯ ಬಾಂಧವರೇ" ಎಂದು ಹೇಳಿ ನೋಡಿದರು. ಬಾಯಿಂದ ಹೊರಟದ್ದು ಬರೀ ಗಾಳಿ ಮತ್ತು ಸ್ವಲ್ಪ ಎಂಜಲು.

ಆಗ ಮುಂದೆ ಬಂದವನು ಅಳಿಯ. "ನಾನಿಲ್ವಾ ಮಾವ?" ಎಂದ.

ಯಜಮಾನರಿಗೆ ಇಬ್ಬರು ಅಳಿಯಂದಿರು. ದೊಡ್ಡ ಮಗಳ ಗಂಡ ದೂರದಲ್ಲಿದ್ದ, ವರ್ಷಕ್ಕೊಮ್ಮೆ ಬರುತ್ತಿದ್ದ. ಬಂದಾಗ "ಅಳಿಯಂದಿರು ಬಂದರು, ಅಳಿಯಂದಿರಿಗೆ ಕುರ್ಚಿ ಹಾಕಿ" ಎಂದು ಮನೆಯೆಲ್ಲ ಓಡಾಡುತ್ತಿತ್ತು. ಚಿಕ್ಕ ಮಗಳ ಗಂಡನಾದ ಇವನು ಮನೆಯಲ್ಲೇ ಇದ್ದ. ದಿನವೂ ಕಣ್ಣಿಗೆ ಬೀಳುವವನಿಗೆ ಯಾರು ಕುರ್ಚಿ ಹಾಕುತ್ತಾರೆ? ಇವನನ್ನು ಮಾವ ಕರೆಯುತ್ತಿದ್ದದ್ದು "ಲೋ" ಎಂದು. "ಲೋ, ಹಿಂಡಿ ನೆನೆಹಾಕಿದೇನೋ? ಈಗ ಹಾಕಿ ಈಗ ಕೊಟ್ರೆ ಎಮ್ಮೆ ಮೈಗೆ ಹತ್ತಲ್ಲ. ರಾತ್ರಿಯಿಡೀ ನೆನೀಬೇಕು ಕಣೋ, ರಾತ್ರಿಯಿಡೀ" ಎಂಬುದು ಆ ಮನೆಯಲ್ಲಿ ಅವನು ಮದುವೆಯಾದಂದಿನಿಂದ ಕೇಳಿಕೊಂಡು ಬಂದ ಉಪದೇಶ. ಒಂದೇ ಒಂದು ಸಲ ಮಾವನ ಬಾಯಿಂದ "ಅಳಿಯಂದಿರೇ" ಎನಿಸಿಕೊಳ್ಳಬೇಕೆಂಬುದು ಅವನ ಜೀವನದ ಆಸೆ. ಬೇರೆ ಆಸೆಗಳೂ ಇದ್ದವು, ಆದರೆ ಅವಕ್ಕೆಲ್ಲ ಕಾಯಬಹುದಿತ್ತು.

ಅವನಿಗೆ ಪೇಟೆಯ ಹಲ್ಲಿನ ಡಾಕ್ಟರಮ್ಮನ ಬಳಿ ಸಹಾಯಕನ ಕೆಲಸ. ಗುಡಿಸುವುದು, ಇಕ್ಕಳ ತೊಳೆಯುವುದು, ಹೆದರಿದವರ ಕೈ ಹಿಡಿದುಕೊಳ್ಳುವುದು, ಹಲ್ಲಿನ ಅಚ್ಚನ್ನು ಹಿಂದಿನ ಬೀದಿಯಲ್ಲಿ ಹಲ್ಲು ಕಟ್ಟುವವನ ಷೆಡ್ಡಿಗೆ ಮುಟ್ಟಿಸುವುದು, ಇಷ್ಟೇ. ಆದರೆ ಇತ್ತೀಚೆಗೆ ಡಾಕ್ಟರಮ್ಮ ಅವನನ್ನು ಸೋಂಕು ನಿವಾರಣೆಯ ತರಬೇತಿಗೆಂದು ಅರ್ಧ ದಿನ ಕಳಿಸಿದ್ದರು. ಅರ್ಧ ದಿನದ ತರಬೇತಿಯಿಂದ ಮನುಷ್ಯನಿಗೆ ಪೂರ್ತಿ ದಿನದ ಗತ್ತು ಬರುತ್ತದೆ. ಅಂಗಿಗೆ ಸಿಕ್ಕಿಸಿಕೊಟ್ಟಿದ್ದ ಬಿಲ್ಲೆಯನ್ನು ಅವನು ಮನೆಯಲ್ಲೂ ತೆಗೆಯಲಿಲ್ಲ. ಬಾಗಿಲ ಚಿಲಕಕ್ಕೆ, ಮಂಚದ ಕಾಲಿಗೆ, ಎಮ್ಮೆಯ ಕೊಂಬಿಗೆ ಔಷಧದ ನೀರು ಒರೆಸಿದ.

"ನಾಳೆ ನನ್ನನ್ನೂ ಅದ್ದಿ ತೆಗೀತೀರೇನೋ," ಎಂದಳು ಹೆಂಡತಿ.

"ಕಣ್ಣಿಗೆ ಕಾಣದೇ ಇರೋ ಜೀವಿಗಳು ಕಣೇ. ನಿನ್ನ ಮೇಲೆ ಲಕ್ಷ ಇವೆ."

"ಇರಲಿ ಬಿಡಿ. ಅವಾದ್ರೂ ನನ್ನ ಮಾತು ಕೇಳ್ತಾವೆ."

ಊರಿನವರು ಅವನಿಗೆ ಫಿನಾಯಿಲ್ ಎಂದು ಹೆಸರಿಟ್ಟರು. ಅವನು ಅದನ್ನು ಬಿರುದೆಂದೇ ತಿಳಿದ.

ಮಾವನನ್ನು ಕರೆದುಕೊಂಡು ಹೋದ ದಿನ ಡಾಕ್ಟರಮ್ಮ ಗುಲಾಬಿ ಬಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ, ಲಾಳದಾಕಾರದ ಲೋಹದ ತಟ್ಟೆಗೆ ತುಂಬಿ, ಯಜಮಾನರ ಬಾಯೊಳಗಿಟ್ಟು ಒತ್ತಿ ಹಿಡಿದರು. ಊರಿನ ಹಾಲನ್ನೆಲ್ಲ ಮೂಗಿನಿಂದಲೇ ಅಳೆಯುತ್ತಿದ್ದ ಯಜಮಾನರು ಎರಡೂ ಕೈಯಲ್ಲಿ ಕುರ್ಚಿ ಹಿಡಿದು ಕಣ್ಣು ಮೇಲೆ ಮಾಡಿದರು. ಹಿಟ್ಟು ಗಟ್ಟಿಯಾದ ಮೇಲೆ ಪೊಳಕ್ಕನೆ ಹೊರಗೆ ಬಂತು. ಒಳಗೆ ಯಜಮಾನರ ಮೇಲ್ದವಡೆಯ ಒಂದೊಂದು ಸುಕ್ಕೂ ಮೂಡಿತ್ತು.

"ನಿಮ್ಮ ಮಾವನವರಿಗೆ ಅವಸರ ಅಂತೀರಿ, ಈ ಒಂದೇ ಅಚ್ಚಲ್ಲಿ ಕಟ್ಟಿಸಿಬಿಡೋಣ," ಎಂದರು ಡಾಕ್ಟರಮ್ಮ. "ತರಬೇತೀಲಿ ಹೇಳಿದ ಹಾಗೆ ಮಾಡಿ ಕಳಿಸಿ." ಅಷ್ಟು ಹೇಳಿ ಮುಂದಿನ ರೋಗಿಯ ಕಡೆ ತಿರುಗಿದರು.

ತರಬೇತಿಯಲ್ಲಿ ಹೇಳಿದ್ದು ಹತ್ತು ನಿಮಿಷ. ಅಚ್ಚನ್ನು ತೊಳೆದು, ಔಷಧ ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಬಿಟ್ಟು ಕೂಡಲೇ ಕಳಿಸಬೇಕು. ಬೇರೆ ರೋಗಿಗಳ ಅಚ್ಚುಗಳಿಗೆ ಅವನು ಹಾಗೆಯೇ ಮಾಡುತ್ತಿದ್ದ. ಆದರೆ ಇದು ಮಾವನ ಅಚ್ಚು. ದಾರಿಹೋಕರಿಗೂ ಹತ್ತು ನಿಮಿಷ, ಹೆಣ್ಣು ಕೊಟ್ಟ ಮಾವನಿಗೂ ಹತ್ತು ನಿಮಿಷ ಎಂದರೆ ಮರ್ಯಾದೆ ಎಲ್ಲಿ ಉಳಿಯಿತು? ಅವನು ನೀಲಿ ಪ್ಲಾಸ್ಟಿಕ್ ಬೋಗುಣಿ ತೆಗೆದುಕೊಂಡ. ಔಷಧದ ನೀರನ್ನು ಕಂಠಮಟ್ಟ ತುಂಬಿಸಿದ. ಅಚ್ಚನ್ನು ಅದರಲ್ಲಿ ಮುಳುಗಿಸಿ ಮೇಲೊಂದು ತಟ್ಟೆ ಮುಚ್ಚಿದ. ಮನೆಯ ಉಪದೇಶ ಅವನ ಕಿವಿಯಲ್ಲಿತ್ತು. ರಾತ್ರಿಯಿಡೀ ನೆನೆಯಬೇಕು.

ಬೆಳಿಗ್ಗೆ ಬಂದು ನೋಡಿದರೆ ಗುಲಾಬಿ ಅಚ್ಚು ಲೋಹದ ತಟ್ಟೆಯನ್ನು ಬಿಟ್ಟು ಎದ್ದು, ಊದಿಕೊಂಡು, ಬೋಗುಣಿಯಲ್ಲಿ ತಾನೇ ತಾನಾಗಿ ಕೂತಿತ್ತು. ಎಮ್ಮೆಗೆ ಕೊಡುವ ಹಿಂಡಿ ಹೀಗೆ ಉಬ್ಬಿ ಬಂದರೆ ಮಾವ ಸಂತೋಷಪಡುತ್ತಿದ್ದರು. ಚೆನ್ನಾಗಿ ನೆನೆದಿದೆ ಎಂದುಕೊಂಡ ಅಳಿಯ ಅದನ್ನು ಹೆಬ್ಬೆರಳಿನಿಂದ ಅಮುಕಿ ಲೋಹದ ತಟ್ಟೆಯ ಮೇಲೆ ಮತ್ತೆ ಕೂರಿಸಿ, ಬಟ್ಟೆಯಲ್ಲಿ ಸುತ್ತಿ, ಹಲ್ಲು ಕಟ್ಟುವವನ ಕೈಗೆ ಕೊಟ್ಟು ಬಂದ.

ಹಲ್ಲು ಬಂತು. ಯಜಮಾನರ ಬಾಯಿಗೆ ಹಾಕಿದರು. ಬಾಯಿ ಮುಚ್ಚಲಿಲ್ಲ. ಮುಖಕ್ಕಿಂತ ಮುಂದಾಗಿ ನಗು ಬಂದು ನಿಂತಿತು. ಡಾಕ್ಟರಮ್ಮ ತೆಗೆದು, ಉಜ್ಜಿ, ಮತ್ತೆ ಹಾಕಿದರು. ಯಜಮಾನರು ಕೆಮ್ಮಿದರು, ಹಲ್ಲು ಡಾಕ್ಟರಮ್ಮನ ಮಡಿಲಿಗೆ ಬಂತು.

ಡಾಕ್ಟರಮ್ಮ ಹಲ್ಲು ಕಟ್ಟುವವನಿಗೆ ಫೋನು ಹಚ್ಚಿದರು. "ಏನ್ರೀ ಇದು, ಮನುಷ್ಯರಿಗೆ ಕಟ್ಟಿದ್ದಾ, ಕುದುರೆಗಾ?"

ಆ ಕಡೆಯ ಮಾತು ಇಡೀ ಕೋಣೆಗೆ ಕೇಳಿಸುತ್ತಿತ್ತು. "ನೀವು ಕೊಟ್ಟ ಅಚ್ಚಿಗೆ ಗಾರೆ ಹುಯ್ದೆ, ಗಾರೆಗೆ ಸರಿಯಾಗಿ ಹಲ್ಲು ಕಟ್ಟಿದೆ ಮೇಡಂ. ಈ ಸೆಟ್ಟು ಆ ಗಾರೆ ಮೇಲೆ ಕೂದಲೆಳೆ ಆಚೀಚೆ ಆಗದ ಹಾಗೆ ಕೂರ್ತದೆ. ಬಾಯಿ ತಪ್ಪಿದ್ರೆ ನಾನೇನು ಮಾಡ್ಲಿ?"

ಡಾಕ್ಟರಮ್ಮ ಇನ್ನೊಂದು ಅಚ್ಚು ತೆಗೆದರು. ಅಳಿಯನಿಗೆ ಮನಸ್ಸು ತಡೆಯಲಿಲ್ಲ. ಮೊದಲ ಸಲ ತಾನೇ ಎಲ್ಲೋ ಅವಸರ ಮಾಡಿದೆನೇನೋ ಎಂದು ಅನುಮಾನ. ಅದು ಶನಿವಾರ ಸಂಜೆ. ಔಷಧವನ್ನು ಇನ್ನಷ್ಟು ಗಟ್ಟಿ ಬೆರೆಸಿ ಅಚ್ಚನ್ನು ಮುಳುಗಿಸಿದ. ಭಾನುವಾರ ಕ್ಲಿನಿಕ್ಕಿಗೆ ರಜೆ. ಸೋಮವಾರ ತಟ್ಟೆ ತೆಗೆದಾಗ ಅಚ್ಚು ಬೋಗುಣಿಯ ಅರ್ಧ ಆಕ್ರಮಿಸಿಕೊಂಡಂತೆ ಕಂಡಿತು. ಅವನಿಗೆ ಹೆಮ್ಮೆಯಾಯಿತು.

ಎರಡನೆಯ ಸೆಟ್ಟು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ಅದನ್ನು ಹಾಕಿಕೊಂಡು ಯಜಮಾನರು ಕನ್ನಡಿ ನೋಡಿ, ಕನ್ನಡಿಯಲ್ಲಿದ್ದವರಿಗೆ ದಾರಿ ಬಿಡುವವರಂತೆ ಸ್ವಲ್ಪ ಸರಿದರು.

ಡಾಕ್ಟರಮ್ಮ ಹಣೆ ಒತ್ತಿಕೊಂಡರು. ಹೊರಗೆ ಬೆಂಚಿನ ಮೇಲೆ ರೋಗಿಗಳು ಕೆನ್ನೆ ಹಿಡಿದುಕೊಂಡು ಸಾಲಾಗಿ ಕೂತಿದ್ದರು. "ಹಲ್ಲಿಲ್ಲದ ದವಡೆ ವರ್ಷ ಕಳೆದ ಹಾಗೆ ಕುಗ್ಗೋದುಂಟು," ಎಂದು ತಮಗೆ ತಾವೇ ಹೇಳಿಕೊಂಡರು. "ಆದ್ರೆ ವಾರದಲ್ಲಿ ಹೀಗೆ ಕುಗ್ಗೋದು ನಾನು ಕಂಡಿಲ್ಲ."

ಅಳಿಯ ಈ ಮಾತಿನ ಹಿಂದುಮುಂದನ್ನು ಕ್ಲಿನಿಕ್ಕಿನಲ್ಲೇ ಬಿಟ್ಟು ನಡುವಿನ ಭಾಗವನ್ನು ಮಾತ್ರ ಮನೆಗೆ ತೆಗೆದುಕೊಂಡು ಹೋದ. ಜಗಲಿಯಲ್ಲಿ ಚಪ್ಪಲಿ ಬಿಡುತ್ತ ಬಿಲ್ಲೆ ಸರಿಮಾಡಿಕೊಂಡು, "ದವಡೆ ಕುಗ್ತಾ ಇದೆ. ವಾರಕ್ಕೆ ಇಷ್ಟು ಅಂತ ಕುಗ್ತಾ ಇದೆ. ವೈದ್ಯಕೀಯದಲ್ಲೇ ಇದು ಅಪರೂಪ," ಎಂದ.

ಹೆಂಡತಿಯ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. "ಅಪ್ಪನಿಗೆ ಏನಾಗಿದೆ ಅಂತ ನೆಟ್ಟಗೆ ಹೇಳ್ರೀ."

"ಹೇಳಿದ್ನಲ್ಲ. ಕುಗ್ತಾ ಇದಾರೆ."

ಈ ಸುದ್ದಿ ಬೇಲಿ ದಾಟುವುದಕ್ಕೆ ಮೊರ ಎತ್ತಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಪಕ್ಕದ ಮನೆಯಾಕೆ ಬಂದು ಯಜಮಾನರ ಮುಖವನ್ನು ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ನೋಡಿ, "ನಾನು ಆಗ್ಲೇ ಅಂದ್ಕೊಂಡಿದ್ದೆ, ಟೋಪಿ ಸಡಿಲ ಆಗಿದೆ ಅಂತ," ಎಂದಳು. ಯಜಮಾನರು ಟೋಪಿ ಮುಟ್ಟಿ ನೋಡಿಕೊಂಡರು. ಅದು ಕೊಂಡ ದಿನದಿಂದಲೂ ಸಡಿಲವೇ. ಆದರೆ ಆ ಕ್ಷಣದಲ್ಲಿ ಅವರಿಗೂ ಅದು ಹೊಸದಾಗಿ ಸಡಿಲವಾದಂತೆ ಕಂಡಿತು.

ಯಜಮಾನರ ಅಕ್ಕ ಮುಂದಿನ ಊರಿನಿಂದ ಬಂದಿಳಿದರು. ಆಕೆ ಅಳುವುದಕ್ಕೆ ಯಾರ ಅಪ್ಪಣೆಯನ್ನೂ ಕಾಯುವವರಲ್ಲ. ತಮ್ಮನ ಕೆನ್ನೆ ಎರಡೂ ಕೈಯಲ್ಲಿ ಹಿಡಿದು, "ಮಗುವಾಗಿದ್ದಾಗ ಇಷ್ಟೇ ಇದ್ದೆ ಕಣೋ, ಮತ್ತೆ ಅಷ್ಟಕ್ಕೇ ಹೊರಟಿದ್ದೀಯಲ್ಲೋ," ಎಂದರು.

"ಅಫ್ಫಾ, ನಂಗೇನೂ ಆಗಿಲ್ಲ," ಎಂದರು ಯಜಮಾನರು. ಅಕ್ಕ ಎನ್ನುವುದಕ್ಕೆ ಹೊರಟಿದ್ದ ಮಾತು ದೊಡ್ಡ ಸೆಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಕೇಳಿ ಅಕ್ಕನ ಅಳು ಇನ್ನೂ ಎತ್ತರಕ್ಕೆ ಹೋಯಿತು.

ಸಂಘದ ಕಾರ್ಯದರ್ಶಿ ಕಾಗದದ ಕಟ್ಟು ಹಿಡಿದು ಬಂದ. ಬಹಳ ಸಂಕೋಚದ ಮನುಷ್ಯ. ಬಾಗಿಲಲ್ಲೇ ನಿಂತು, "ಯಜಮಾನ್ರೇ, ತಪ್ಪು ತಿಳೀಬೇಡಿ. ದವಡೆ ಆಯ್ತು, ಆಮೇಲೆ ಕೈಗೆ ಬರಬಹುದು ಅಂತಾರೆ. ಕೈ ಸಣ್ಣ ಆದ್ರೆ ಸಹಿ ಸಣ್ಣ ಆಗ್ತದೆ, ಮೇಲಿನವರು ಒಪ್ಪಲ್ಲ. ಈಗ್ಲೇ ಹಾಕಿಬಿಟ್ರೆ ನಂಗೂ ನಿಶ್ಚಿಂತೆ," ಎಂದ. ಯಜಮಾನರು ಎಲ್ಲಕ್ಕೂ ಸಹಿ ಹಾಕಿದರು. ಎಂದಿಗಿಂತ ಸ್ವಲ್ಪ ದೊಡ್ಡದಾಗಿಯೇ ಹಾಕಿದರು.

ನೋಡಲು ಬಂದವರೆಲ್ಲ ಬಾಳೆಹಣ್ಣು ತಂದರು. ಎಮ್ಮೆ ಸಿಪ್ಪೆ ತಿಂದು ತಿಂದು ಹಿಂಡಿಯ ಕಡೆ ನೋಡುವುದನ್ನು ಬಿಟ್ಟಿತು.

ಮೂರನೆಯ ಸಲ ಹೋದಾಗ ಡಾಕ್ಟರಮ್ಮ ಮೊದಲು ಕೈವಾರದಂಥ ಒಂದು ಅಳತೆಯ ಕಡ್ಡಿ ತೆಗೆದರು. ಯಜಮಾನರ ದವಡೆಯನ್ನು ಅಳೆದರು. ಹಲ್ಲು ಕಟ್ಟುವವನಿಂದ ತರಿಸಿಟ್ಟಿದ್ದ ಎರಡು ಗಾರೆ ದವಡೆಗಳನ್ನೂ ಅಳೆದರು. "ನಿಮ್ಮ ದವಡೆ ಕುಗ್ಗಿಲ್ಲ ಯಜಮಾನ್ರೇ. ಗಾರೆಯ ದವಡೆ ಬೆಳೆದಿದೆ," ಎಂದರು. ಹೊಸ ಅಚ್ಚು ತೆಗೆದು ಅಳಿಯನ ಕೈಗೆ ಕೊಟ್ಟು, ಅವತ್ತು ಮುಂದಿನ ರೋಗಿಯ ಕಡೆ ತಿರುಗಲಿಲ್ಲ. ಅವನ ಹಿಂದೆಯೇ ಅಚ್ಚು, ಇಕ್ಕಳ ತೊಳೆಯುವ ತೊಟ್ಟಿಯ ಕೋಣೆಗೆ ಹೋದರು. ಯಜಮಾನರೂ ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಎದ್ದು ಹಿಂದೆ ಹೋದರು.

ಅಳಿಯ ಯಾವ ಅಳುಕೂ ಇಲ್ಲದೆ ನೀಲಿ ಬೋಗುಣಿ ಎಳೆದ. ನೀರು ತುಂಬಿಸಿದ. ಅಚ್ಚನ್ನು ಮುಳುಗಿಸಿ ತಟ್ಟೆ ಮುಚ್ಚಿದ. ಮೇಲೆ ಎರಡು ಸಲ ತಟ್ಟಿದ.

"ಇದನ್ನ ಯಾವಾಗ ತೆಗೀತೀರಿ?" ಎಂದರು ಡಾಕ್ಟರಮ್ಮ. ದನಿ ಬಹಳ ಮೆತ್ತಗಿತ್ತು.

"ಬೆಳಿಗ್ಗೆ ಮೇಡಂ. ಬೇರೆಯವರದ್ದು ಹತ್ತು ನಿಮಿಷ. ಇದು ಮನೆಯದ್ದಲ್ವಾ, ರಾತ್ರಿಯಿಡೀ ಬಿಡ್ತೀನಿ. ಕಳೆದ ಸಲ ಭಾನುವಾರಾನೂ ಸೇರಿಸಿ ಬಿಟ್ಟೆ."

ಡಾಕ್ಟರಮ್ಮ ತಟ್ಟೆ ಎತ್ತಿ ಅಚ್ಚನ್ನು ಹೊರತೆಗೆದರು. "ಇದು ಸಮುದ್ರದ ಪಾಚಿಯಿಂದ ಮಾಡಿದ ಪುಡಿ ಕಣ್ರೀ. ನೀರಲ್ಲಿ ಬಿಟ್ರೆ ಕುಡೀತಾನೇ ಇರ್ತದೆ, ಊದ್ತಾನೇ ಇರ್ತದೆ. ಒಣಗೋಕೆ ಬಿಟ್ರೆ ಕುಗ್ತದೆ. ಅದಕ್ಕೇ ಸಿಂಪಡಿಸು, ಒದ್ದೆ ಬಟ್ಟೆ ಸುತ್ತು, ಹತ್ತು ನಿಮಿಷಕ್ಕೆ ಗಾರೆ ಹುಯ್ಯಿಸು ಅನ್ನೋದು. ನೀವು ಕ್ರಿಮಿ ಕೊಂದಿದ್ದೀರಿ, ನಿಜ. ಜೊತೆಗೆ ಅಳತೇನೂ ಕೊಂದಿದ್ದೀರಿ."

ಅಳಿಯನ ಬಿಲ್ಲೆ ತಾನಾಗಿಯೇ ಓರೆಯಾದಂತೆ ಕಂಡಿತು. ಅವನು ಮೆಲ್ಲಗೆ ಮಾವನ ಕಡೆ ನೋಡಿದ.

"ರಾತ್ರಿಯಿಡೀ?" ಎಂದರು ಯಜಮಾನರು.

"ಹೂಂ ಮಾವ. ನೀವೇ ಅಲ್ವಾ ಹೇಳ್ತಿದ್ದದ್ದು. ನೆನೀದೇ ಇದ್ರೆ ಮೈಗೆ ಹತ್ತಲ್ಲ ಅಂತ."

ಯಜಮಾನರು ಬಾಯಿ ತೆರೆದರು. ಹೇಳಬೇಕಾದ್ದು ಬಹಳವಿತ್ತು. ಆದರೆ ಅದರಲ್ಲಿ ಮುಖ್ಯವಾದ ಮಾತುಗಳಿಗೆಲ್ಲ ಹಲ್ಲು ಬೇಕಿತ್ತು. ಬಾಯಿ ಮುಚ್ಚಿದರು. ಬಸ್ಸಿನಲ್ಲಿ ಊರಿಗೆ ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ನಡುವೆ ಇನ್ನೊಬ್ಬ ಕೂರುವಷ್ಟು ಜಾಗವಿತ್ತು, ಯಾರೂ ಕೂರಲಿಲ್ಲ. ಮನೆಯಲ್ಲೂ ಯಜಮಾನರು ಆ ಮಾತು ಎತ್ತಲಿಲ್ಲ. ಎತ್ತಿದರೆ, ತಾವು ಸಾಯದೆಯೇ ಊರಿನವರ ಬಾಳೆಹಣ್ಣು ತಿಂದದ್ದಕ್ಕೆ ಲೆಕ್ಕ ಹೇಳಬೇಕಾಗುತ್ತಿತ್ತು.

ಮೂರನೆಯ ಸೆಟ್ಟು ಚುನಾವಣೆಯ ಬೆಳಿಗ್ಗೆ ಕೈಗೆ ಬಂತು. ಅಳಿಯ ಮೊದಲ ಬಸ್ಸಿಗೆ ಹೋಗಿ ತಂದು, ಪೊಟ್ಟಣವನ್ನು ಎರಡೂ ಕೈಯಲ್ಲಿ ನೀಡಿ, ನಾಲ್ಕು ಹೆಜ್ಜೆ ದೂರ ನಿಂತ. ಯಜಮಾನರು ಹಾಕಿಕೊಂಡರು. ಹಲ್ಲು ಹುಟ್ಟಿದಂದಿನಿಂದ ಅಲ್ಲೇ ಇದ್ದಂತೆ ಕಚ್ಚಿ ಕೂತಿತು. ಒಂದು ಜೋಳದ ತೆನೆ ತರಿಸಿ ಕಚ್ಚಿ ನೋಡಿದರು. ಕನ್ನಡಿಯ ಮುಂದೆ ನಿಂತು "ಸದಸ್ಯ ಬಾಂಧವರೇ" ಎಂದರು. ಕೊಟ್ಟಿಗೆಯಲ್ಲಿ ಎಮ್ಮೆ ತಲೆಯೆತ್ತಿ ನೋಡಿತು.

ಅಷ್ಟರಲ್ಲಿ ಅಕ್ಕ ಏದುಸಿರು ಬಿಡುತ್ತ ಬಂದರು. "ಕೇಳಿದ್ಯೇನೋ ತಮ್ಮಾ? ಆ ಪಂಪಿನವನು ಇವತ್ತು ಸಭೇಲಿ ನಿಂತು ಚುನಾವಣೆ ಬಿಟ್ಟುಕೊಡ್ತಾನಂತೆ. ಅವನ ಹೆಂಡತಿ ಊಟಕ್ಕೇ ಹಾಕ್ತಾ ಇಲ್ಲವಂತೆ. ಕುಗ್ತಾ ಇರೋ ಮನುಷ್ಯನ ಮೇಲೆ ಗೆದ್ದು ಯಾವ ಮುಖ ಇಟ್ಕೊಂಡು ತಿರುಗಾಡ್ತೀರಿ ಅಂದಳಂತೆ. ಇರೋ ನಾಲ್ಕು ದಿನ ಯಜಮಾನರೇ ಇರಲಿ ಅಂತ ಅವನೂ ಒಪ್ಪಿದಾನೆ. ಅಯ್ಯೋ, ಒಳ್ಳೇವನು ಕಣೋ."

ಜೋಳದ ತೆನೆ ಯಜಮಾನರ ಕೈಯಲ್ಲಿ ಅರ್ಧಕ್ಕೇ ನಿಂತಿತು. ಅವರು ಅಕ್ಕನನ್ನು ನೋಡಿದರು, ತೆನೆಯನ್ನು ನೋಡಿದರು, ಕನ್ನಡಿಯನ್ನು ನೋಡಿದರು. ಅಕ್ಕ ಸೀರೆ ಬದಲಾಯಿಸಲು ಒಳಗೆ ಹೋದ ಮೇಲೆ ತಮ್ಮ ಹೊಸ ಹಲ್ಲನ್ನು ಮೆಲ್ಲಗೆ ತೆಗೆದು, ಒರೆಸಿ, ಅಂಗಿಯ ಒಳಜೇಬಿಗೆ ಹಾಕಿದರು. ಆಮೇಲೆ ಮೂಲೆಯಲ್ಲಿ ನಿಂತಿದ್ದ ಅಳಿಯನಿಗೆ ಬೆರಳಿನಿಂದ ಸನ್ನೆ ಮಾಡಿದರು.

"ಲೋ. ಆ ದೊಡ್ಡದು ಎಲ್ಲಿದೆ?"

"ಮೊದಲನೇದಾ ಮಾವ, ಎರಡನೇದಾ?"

ಯಜಮಾನರು ಒಂದು ಕ್ಷಣ ಯೋಚಿಸಿ, "ಭಾನುವಾರ ಸೇರಿಸಿದ್ದು," ಎಂದರು.

ಸಂಘದ ಕಟ್ಟಡದಲ್ಲಿ ಕ್ಯಾನುಗಳನ್ನು ಗೋಡೆಗೆ ಒತ್ತರಿಸಿ ಕುರ್ಚಿ ಹಾಕಿದ್ದರು. ಯಜಮಾನರು ಅಳಿಯನ ತೋಳು ಹಿಡಿದು ಒಳಗೆ ಬಂದಾಗ ಜನ ಎದ್ದು ನಿಂತರು. ಆ ನಡಿಗೆಯನ್ನು ಅವರು ಎಲ್ಲಿ ಕಲಿತರೋ ಅಳಿಯನಿಗೆ ತಿಳಿಯದು; ಮನೆಯಿಂದ ಮೂಲೆಯ ಅಂಗಡಿಯವರೆಗೆ ಅವನಿಗಿಂತ ಮುಂದೆಯೇ ಬಿರಬಿರನೆ ನಡೆದು ಬಂದಿದ್ದರು. ಮೈಕಿನ ಮುಂದೆ ನಿಂತು ಅವರು ಬಾಯಿ ತೆರೆದರು. "ಫದಫ್ಯ ಭಾಂದಫರೇ" ಎಂಬಲ್ಲಿಗೆ ಹಲ್ಲಿನ ಸೆಟ್ಟು ಹೊರಬಂದು ಮೈಕಿಗೆ ಬಡಿದು ಟಣ್ ಎಂದಿತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸಭೆಯನ್ನು ನಿಧಾನವಾಗಿ ಒಂದು ಸುತ್ತು ನೋಡಿ, ಏನೂ ಹೇಳದೆ ಕೂತುಬಿಟ್ಟರು. ಅದಕ್ಕಿಂತ ಒಳ್ಳೆಯ ಭಾಷಣವನ್ನು ಆ ಸಂಘ ಕೇಳಿರಲಿಲ್ಲ. ಹೆಂಗಸರ ಸಾಲಿನಲ್ಲಿ ಮೂಗು ಒರೆಸಿಕೊಳ್ಳುವ ಸದ್ದು ಎದ್ದಿತು. ಸಂಕೋಚದ ಕಾರ್ಯದರ್ಶಿ ಮುಖ ಮುಚ್ಚಿಕೊಂಡ.

ಪಂಪಿನವನು ಎದ್ದು ಬಂದ. ಮೈಕು ಬೇಡವೆಂದು ಪಕ್ಕಕ್ಕೆ ಸರಿಸಿ, "ನಾನು ಹಿಂದೆ ಸರ್ದಿದೀನಿ. ದೊಡ್ಡವರು ಇರೋವರೆಗೆ ಅವರೇ ಇರ್ಲಿ," ಎಂದು ಯಜಮಾನರನ್ನು ತಬ್ಬಿಕೊಂಡ. ತಬ್ಬಿದಾಗ ಒಳಜೇಬಿನ ಸೆಟ್ಟು ಅವನ ಎದೆಗೆ ಒತ್ತಿ ಚುಚ್ಚಿತು. "ಅಯ್ಯೋ, ಪಕ್ಕೆಲುಬೂ ಹೊರಗೆ ಬಂದಿದೆ," ಎಂದು ಅವನು ಪಕ್ಕದವನ ಕಿವಿಯಲ್ಲಿ ಹೇಳಿದ್ದು, ಅವನ ಗಂಟಲಿನ ದೆಸೆಯಿಂದ, ಇಡೀ ಸಭೆಗೆ ಕೇಳಿಸಿತು.

ಮತ್ತೆ ಅಧ್ಯಕ್ಷರಾದ ಮೇಲೆ ಯಜಮಾನರು ಒಂದೇ ದಿನಕ್ಕೆ ಗುಣವಾಗಲಿಲ್ಲ. ಅಷ್ಟು ಬುದ್ಧಿ ಅವರಿಗಿತ್ತು. ಮೊದಲು ಎರಡನೆಯ ಸೆಟ್ಟು ಹಾಕಿಕೊಂಡು ತಿರುಗಾಡಿದರು, ಆಮೇಲೆ ಮೊದಲನೆಯದು, ಕೊನೆಗೆ ಮೂರನೆಯದು. ಊರಿನವರ ಕಣ್ಣೆದುರಿನಲ್ಲೇ ಅವರ ಬಾಯಿ ಹಂತಹಂತವಾಗಿ ಮೊದಲಿನ ಅಳತೆಗೆ ಮರಳಿತು. ಪಕ್ಕದ ಮನೆಯಾಕೆ ಟೋಪಿಯೂ ಬಿಗಿಯಾಗುತ್ತಿದೆ ಎಂದು ಸಾಕ್ಷಿ ಹೇಳಿದಳು. ಯಾವ ಔಷಧಿ ಎಂದು ಜನ ಕೇಳಿದಾಗ ಯಜಮಾನರು, "ಎಲ್ಲಾ ನಮ್ಮ ಫಿನಾಯಿಲ್ ಕೈಗುಣ," ಎನ್ನುತ್ತಿದ್ದರು. ಅಳಿಯ ತಲೆ ತಗ್ಗಿಸಿಕೊಂಡು ಬಿಲ್ಲೆ ಮುಟ್ಟಿಕೊಳ್ಳುತ್ತಿದ್ದ. ಕೈಗುಣವೇನೋ ಸರಿ. ಆದರೆ ಕಾದಿದ್ದ ಮಾತು ಅದಲ್ಲವಲ್ಲ.

ಒಂದು ಸಂಜೆ ಅವನು ಕೊಟ್ಟಿಗೆಯಲ್ಲಿ ಬಾನಿ ತೊಳೆಯುತ್ತಿದ್ದ. ಯಜಮಾನರು ಬಂದು ಕಂಬಕ್ಕೆ ಒರಗಿ ನಿಂತರು. ಎಮ್ಮೆಯ ಬೆನ್ನು ಸವರಿದರು. ಕೆಮ್ಮಿದರು. ಆ ಕಡೆ ಈ ಕಡೆ ನೋಡಿದರು.

"ಅಳಿಯಂದಿರೇ," ಎಂದರು.

ಅಳಿಯ ಹಿಂದೆ ತಿರುಗಿ, ದೊಡ್ಡವನು ಬಂದನೇನೋ ಎಂದು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಅವನ ಕೈಯಲ್ಲಿದ್ದ ತೆಂಗಿನ ನಾರು ಬಾನಿಯೊಳಗೆ ಬಿತ್ತು.

"ನಿಮ್ಮನ್ನೇ. ಬನ್ನಿ, ಇಲ್ಲಿ ಕೂತ್ಕೊಳ್ಳಿ." ಯಜಮಾನರು ಹಾಲು ಕರೆಯುವ ಮಣೆಯನ್ನು ತಾವೇ ಕಾಲಿನಿಂದ ಸರಿಸಿಕೊಟ್ಟರು. "ಆ ಪಂಪಿನವನು ವಯರ್ ಸಿಪ್ಪೆಯನ್ನ ಹಲ್ಲಲ್ಲಿ ಎಳೆಯೋಕೆ ಹೋಗಿ ಮುಂದಿನ ಹಲ್ಲು ಮುರ್ಕೊಂಡಿದ್ದಾನಂತೆ. ನಾಳೆ ನಿಮ್ಮ ಡಾಕ್ಟ್ರಮ್ಮನ ಹತ್ರ ಅಚ್ಚು ಕೊಡೋಕೆ ಬರ್ತಾನೆ. ಬರೋ ಸಲ ಮತ್ತೆ ನಿಲ್ಲೋ ಯೋಚನೆ ಅವನಿಗೆ. ಅದಕ್ಕೇ, ಅಳಿಯಂದಿರೇ, ಅವನ ಅಚ್ಚು ಸ್ವಲ್ಪ..." ಎಂದು ಬಾನಿಯ ಕಡೆ ಕಣ್ಣು ಹಾಯಿಸಿದರು. "ರಾತ್ರಿಯಿಡೀ."

ಅಳಿಯ ಮಣೆಯ ಮೇಲೆ ಕೂತಿದ್ದ. ಆ ಮಣೆಯಷ್ಟು ಎತ್ತರದ ಕುರ್ಚಿಯ ಮೇಲೆ ಅವನು ಜೀವಮಾನದಲ್ಲಿ ಕೂತಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತಿರಬೇಕೆಂದು ಆಸೆಯಾಯಿತು. ಆದರೆ ತೊಟ್ಟಿಯ ಕೋಣೆಯಲ್ಲಿ ನಿಂತಿದ್ದ ಡಾಕ್ಟರಮ್ಮನ ಮೆತ್ತಗಿನ ದನಿ ನೆನಪಾಯಿತು. ಪಂಪಿನವನು ಮೈಕು ಸರಿಸಿ ಬಂದು ತಬ್ಬಿಕೊಂಡದ್ದೂ ನೆನಪಾಯಿತು.

"ಆಗಲ್ಲ ಮಾವ," ಎಂದ. "ಬೋಗುಣೀನ ಡಾಕ್ಟ್ರಮ್ಮ ಮನೆಗೆ ತಗೊಂಡು ಹೋದ್ರು. ಈಗ ಮಾವ ಆದ್ರೂ ಹತ್ತೇ ನಿಮಿಷ, ಯಾರಾದ್ರೂ ಹತ್ತೇ ನಿಮಿಷ."

ಯಜಮಾನರು ಬಾನಿಯಿಂದ ಕಣ್ಣು ತೆಗೆದರು. ಆಮೇಲೆ ಕಂಬದಿಂದ ಬೆನ್ನು ತೆಗೆದರು.

"ಹಂಗಾದ್ರೆ ಏಳೋ ಮೇಲೆ," ಎಂದರು. "ಲೋ, ಆ ಹಿಂಡೀನಾದ್ರೂ ನೆನೆಹಾಕೋ."